ಅಬ್ಬಿಯ ಕೆಳಗಿನ ಮಡು

ಪರೀಕ್ಷೆ ಮುಗಿದ ಸಂಜೆಯೇ ಹುಡುಗರ ಗುಂಪಿನಲ್ಲಿ ಮಾತು ಶುರುವಾಗುತ್ತದೆ: 'ಈ ಸಲ ಎಲ್ಲಿಗೆ?' ಯಾರೋ ಒಬ್ಬರು ಕೂಡ್ಲು ತೀರ್ಥದ ಹೆಸರು ಹೇಳುತ್ತಾರೆ. ಮನೆಯಲ್ಲಿ ವಿಷಯ ತೆಗೆದರೆ ಅಮ್ಮನ ಮೊದಲ ಪ್ರಶ್ನೆ, 'ಅಲ್ಲಿ ನೀರಿಗೆ ಇಳಿಯುತ್ತೀರಾ?' ಉತ್ತರವೂ ಸಿದ್ಧ: 'ನನಗೆ ಈಜು ಬರುತ್ತದಲ್ಲಮ್ಮಾ!' ಅಮ್ಮನ ಅಳುಕು ಸುಳ್ಳಲ್ಲ, ಮಗನ ಮಾತೂ ಸುಳ್ಳಲ್ಲ. ಆದರೆ ಊರಿನ ಈಜುಕೊಳವೇ ಬೇರೆ, ಕಾಡಿನ ಮಡುವೇ ಬೇರೆ. ಈ ಅಂತರ ಇಬ್ಬರಿಗೂ ತಿಳಿದಿದ್ದರೆ ಪ್ರವಾಸ ಸುಖವಾಗಿ ಮುಗಿಯುತ್ತದೆ.

ಕೂಡ್ಲು ತೀರ್ಥ ಇರುವುದು ಉಡುಪಿ ಜಿಲ್ಲೆಯ ಹೆಬ್ರಿಯ ಆಚೆ, ಆಗುಂಬೆ ಘಟ್ಟದ ಮಗ್ಗುಲಲ್ಲಿ, ಸೋಮೇಶ್ವರ ವನ್ಯಜೀವಿ ಧಾಮದ ಕಾಡಿನೊಳಗೆ. ಘಟ್ಟದಲ್ಲಿ ಹುಟ್ಟಿ ಪಶ್ಚಿಮಕ್ಕೆ ಹರಿಯುವ ಸೀತಾ ನದಿ ಇಲ್ಲಿ ನೂರು ಅಡಿಗೂ ಮಿಗಿಲಾದ ಎತ್ತರದಿಂದ ನೇರವಾಗಿ ಮಡುವಿಗೆ ಧುಮುಕುತ್ತದೆ. ರಸ್ತೆ ಮುಗಿದಲ್ಲಿಂದ ಕಾಲ್ನಡಿಗೆ. ಬಿಸಿಲು ನೆಲ ಮುಟ್ಟದಷ್ಟು ದಟ್ಟವಾದ ಮರಗಳು, ಕಾಲಿಗೆ ತೊಡರುವ ಬೇರುಗಳು, ನೆಲ ಒದ್ದೆಯಿದ್ದರೆ ಇಂಬಳಗಳ ಕಾಟ. ಅದೃಷ್ಟವಿದ್ದರೆ ಮೇಲೆ ಸಿಂಗಳೀಕಗಳ ಹಿಂಡೂ ಕಾಣಬಹುದು. ಅಬ್ಬಿ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಕೊನೆಯ ಬಂಡೆ ದಾಟಿದಾಗ ಎದುರಿಗೆ ಬಿಳಿಯ ಧಾರೆ, ಅದರ ಬುಡದಲ್ಲಿ ಹಸಿರು ನೀರು. ನಡೆದು ಬೆವರಿದ ಮೈಗೆ ಆ ನೀರು 'ಬಾ' ಎಂದು ಕರೆದಂತಾಗುತ್ತದೆ.

ಮಡು ಹುಟ್ಟುವ ಬಗೆ

ಅಷ್ಟು ಎತ್ತರದಿಂದ ಬೀಳುವ ನೀರು ಬರಿಗೈಯಲ್ಲಿ ಬರುವುದಿಲ್ಲ. ಮಳೆಗಾಲದಲ್ಲಿ ಅದರ ಜೊತೆ ಮರಳು, ಕಲ್ಲು, ಮರದ ದಿಮ್ಮಿಗಳೂ ಬರುತ್ತವೆ. ಬಿದ್ದ ಕಲ್ಲುಗಳು ಸುಳಿಯಲ್ಲಿ ಸಿಕ್ಕಿ ಗಿರಗಿರನೆ ತಿರುಗುತ್ತಾ ತಳದ ಬಂಡೆಯನ್ನು ಅರೆಯುತ್ತವೆ. ಸಾವಿರಾರು ವರ್ಷ ಹೀಗೆ ಅರೆದು ಅರೆದು ಆದದ್ದೇ ಮಡು. ಆದ್ದರಿಂದ ಧಾರೆ ಬೀಳುವಲ್ಲಿ ಆಳ ಹೆಚ್ಚು. ಮೊಣಕಾಲು ನೀರಿನಲ್ಲಿ ನಿಂತವರು ಮುಂದಿನ ಹೆಜ್ಜೆಗೆ ತಲೆ ಮುಳುಗುವಷ್ಟು ಆಳಕ್ಕೆ ಇಳಿದುಬಿಡಬಹುದು. ಹೋದ ವರ್ಷ ಆಳವಿದ್ದ ಕಡೆ ಈ ವರ್ಷ ಮಳೆ ತಂದ ಬಂಡೆಯೊಂದು ಕೂತಿರಲೂಬಹುದು. ಮಡುವಿಗೆ ತಲೆಕೆಳಗಾಗಿ ಹಾರಬಾರದು ಎನ್ನುವುದು ಇದಕ್ಕೇ.

ಧಾರೆಯ ಬುಡದ ನೊರೆಯೂ ಮೋಸದ್ದೇ. ಉಪ್ಪು ನೀರಿನಲ್ಲಿ ತೇಲುವ ಮೊಟ್ಟೆ ಸಿಹಿ ನೀರಿನಲ್ಲಿ ಮುಳುಗುವುದನ್ನು ಶಾಲೆಯ ಪ್ರಯೋಗದಲ್ಲಿ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಗಾಳಿ ಬೆರೆತ ನೀರಿನ ಸಾಂದ್ರತೆ ಮತ್ತಷ್ಟು ಕಡಿಮೆ. ಅದು ಮೈಯನ್ನು ಎತ್ತಿ ಹಿಡಿಯುವುದಿಲ್ಲ. ಜೊತೆಗೆ ಬೀಳುವ ನೀರು ಕೆಳಗೆ ಒತ್ತುತ್ತದೆ, ಸುಳಿ ಮತ್ತೆ ಧಾರೆಯ ಕಡೆಗೇ ಎಳೆಯುತ್ತದೆ. ಒಳ್ಳೆಯ ಈಜುಗಾರನೂ ಅಲ್ಲಿ ಸೋಲುತ್ತಾನೆ.

'ನೀರಿಗಿಳಿದ ಮೇಲೆ ಚಳಿಯೇನು' ಎಂಬ ಗಾದೆಯನ್ನು ಇಲ್ಲಿ ನಂಬುವಂತಿಲ್ಲ. ನೆರಳಿನಲ್ಲೇ ಹರಿದು ಬಂದ ಘಟ್ಟದ ನೀರಿಗೆ ಬಿಸಿಯಾದ ಮೈ ಥಟ್ಟನೆ ಬಿದ್ದರೆ ಉಸಿರು ತಾನಾಗಿ ಒಳಗೆಳೆಯುತ್ತದೆ. ಆ ಕ್ಷಣ ಮುಖ ನೀರಿನೊಳಗಿದ್ದರೆ ಗಾಳಿಯ ಬದಲು ನೀರು ಒಳಹೋಗುತ್ತದೆ.

ಮೇಲೆ ಮಳೆ, ಕೆಳಗೆ ಬಿಸಿಲು

ಎಲ್ಲಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದ ಜಾಗದಿಂದ ಬರುತ್ತದೆ. ಮಡುವಿನ ಮೇಲೆ ಬಿಸಿಲಿದ್ದರೂ ಘಟ್ಟದ ನೆತ್ತಿಯಲ್ಲಿ ಮಳೆ ಸುರಿಯುತ್ತಿರಬಹುದು. ಆ ನೀರು ಕೆಳಗಿಳಿಯಲು ಹೆಚ್ಚು ಹೊತ್ತು ಬೇಕಿಲ್ಲ. 2024ರ ಜೂನ್ 30ರಂದು ಮಹಾರಾಷ್ಟ್ರದ ಲೋಣಾವಳದ ಭೂಶಿ ಅಣೆಕಟ್ಟಿನ ಬಳಿ ಹಳ್ಳದ ನಡುವೆ ನಿಂತಿದ್ದ ಒಂದೇ ಕುಟುಂಬದವರು ಏಕಾಏಕಿ ಏರಿದ ನೀರಿಗೆ ಸಿಕ್ಕಿದರು. ಐವರು ತೀರಿಕೊಂಡರು, ಅವರಲ್ಲಿ ಮಕ್ಕಳೂ ಇದ್ದರು. ಅದು ಹುಡುಗರ ಹುಚ್ಚಾಟವಾಗಿರಲಿಲ್ಲ, ಹಿರಿಯರು ಜೊತೆಗಿದ್ದ ಸಂಸಾರದ ವಿಹಾರವಾಗಿತ್ತು. ಅದಕ್ಕೆ ಹಿಂದಿನ ವರ್ಷ ಜುಲೈನಲ್ಲಿ ಕೊಲ್ಲೂರು ಸಮೀಪದ ಅರಸಿನಗುಂಡಿ ಜಲಪಾತದ ಅಂಚಿನ ಬಂಡೆಯಿಂದ ಯುವಕನೊಬ್ಬ ಕಾಲು ಜಾರಿ ಕೊಚ್ಚಿಹೋದ. ಅವನು ಈಜಲು ಇಳಿದವನೇ ಅಲ್ಲ, ದಡದಲ್ಲಿ ನಿಂತಿದ್ದವನು.

ಹಳ್ಳ ಏರುವ ಮುನ್ನ ಸೂಚನೆ ಕೊಡುವುದುಂಟು. ತಿಳಿ ನೀರು ಕದಡುತ್ತದೆ, ಎಲೆ ಕಡ್ಡಿಗಳು ತೇಲಿ ಬರುತ್ತವೆ, ಅಬ್ಬಿಯ ಸದ್ದು ದಪ್ಪವಾಗುತ್ತದೆ. ಇವುಗಳಲ್ಲಿ ಒಂದು ಕಂಡರೂ ಚಪ್ಪಲಿ, ಚೀಲ ಹುಡುಕುತ್ತಾ ಕೂರದೆ ಎತ್ತರದ ದಡ ಸೇರಬೇಕು. ಮಳೆಗಾಲದಲ್ಲಂತೂ ಅಬ್ಬಿಯನ್ನು ದೂರದಿಂದ ನೋಡುವುದೇ ಸರಿ.

ಹೊರಡುವ ಮುನ್ನ ದಾರಿ ತೆರೆದಿದೆಯೇ, ನೀರಿಗಿಳಿಯಲು ಅನುಮತಿ ಇದೆಯೇ ಎಂದು ಅರಣ್ಯ ಇಲಾಖೆಯವರನ್ನು ಕೇಳಬೇಕು. ಬೇಡವೆಂದರೆ ಬೇಡ. ಅನುಮತಿ ಇದ್ದರೂ ತಳ ಕಾಣುವ ಅಂಚಿನಲ್ಲಿ, ಧಾರೆಯಿಂದ ದೂರ, ಮೆಲ್ಲನೆ ಇಳಿಯಬೇಕು. ಪಾಚಿ ಹಿಡಿದ ಬಂಡೆಯ ಮೇಲೆ ಕಾಲಿಡಬಾರದು. ಒಬ್ಬರಾದರೂ ದಡದಲ್ಲೇ ಇರಬೇಕು, ಅವರ ಕೈಯಲ್ಲಿ ಉದ್ದನೆಯ ಹಗ್ಗವಿರಬೇಕು. ಕಾಡಿನಲ್ಲಿ ಫೋನು ಸಿಗದಿರಬಹುದು; ಎಷ್ಟು ಹೊತ್ತಿಗೆ ಹಿಂದಿರುಗುತ್ತೇವೆ ಎಂದು ಮನೆಯಲ್ಲಿ ಹೇಳಿಯೇ ಹೊರಡಬೇಕು.

ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೂಗುವುದು ಅಪರೂಪ, ಉಸಿರಿಗೇ ಗತಿಯಿರುವುದಿಲ್ಲ. ಗೆಳೆಯನನ್ನು ಉಳಿಸಲು ಹಿಂದೆಯೇ ಹಾರಿದವರು ತಾವೂ ಮುಳುಗಿದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹಾರುವ ಬದಲು ಹಗ್ಗ, ಪಂಚೆ, ಬಿದಿರು ಗಳ, ಮುಚ್ಚಳ ಬಿಗಿದ ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಚಾಚಬೇಕು ಅಥವಾ ಎಸೆಯಬೇಕು. ಮೇಲೆತ್ತಿದ ಮೇಲೆ ಹೊಟ್ಟೆ ಒತ್ತಿ ನೀರು ತೆಗೆಯುತ್ತಾ ಹೊತ್ತು ಕಳೆಯಬಾರದು. ಉಸಿರಾಟ ನಿಂತಿದ್ದರೆ ತಕ್ಷಣ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು. ಇನ್ನೊಬ್ಬರು 112ಕ್ಕೆ ಕರೆ ಮಾಡಬೇಕು. ಈ ವಿದ್ಯೆಯನ್ನು ಪ್ರತಿ ಶಾಲೆಯಲ್ಲೂ ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು.

'ಹೋಗಬೇಡ' ಎಂದು ತಡೆದರೆ ಮಕ್ಕಳು ಹೇಳದೆ ಹೋಗುತ್ತಾರೆ. ಹೇಳದೆ ಹೋದವರನ್ನು ಎಲ್ಲಿ ಹುಡುಕುವುದೆಂದು ಮನೆಯವರಿಗೂ ತಿಳಿಯುವುದಿಲ್ಲ. ಈಜು ಕಲಿಸಿ, ನೀರಿನ ಗುಣ ತಿಳಿಸಿ ಕಳುಹಿಸುವುದೇ ಮೇಲು. ಮಡುವಿನ ಮುಂದೆ ನಿಂತು, ನೀರು ನೋಡಿ, 'ಇವತ್ತು ಬೇಡ, ಇಲ್ಲೇ ಕೂರೋಣ' ಎಂದು ಗೆಳೆಯರಿಗೆ ಹೇಳಬಲ್ಲ ಹುಡುಗ ಪುಕ್ಕಲನಲ್ಲ, ಬುದ್ಧಿವಂತ. ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿದರೂ ಅಬ್ಬಿಯ ತುಂತುರು ಮುಖಕ್ಕೆ ಬಂದೇ ಬರುತ್ತದೆ.