ಆಯವ್ಯಯದ ಅಂಕಿ, ಕೆರೆಯ ನೀರು

ತುಮಕೂರು ಜಿಲ್ಲೆಯ ಬಡಗಣ ಭಾಗದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಉಪವಿಭಾಗವೆನಿಸಿವೆ. ಮಧುಗಿರಿಗೆ ಏಕಶಿಲಾ ಬೆಟ್ಟದ ಹೆಮ್ಮೆ. ಶಿರಾ ಒಂದು ಕಾಲಕ್ಕೆ ಮೊಗಲರ ಸುಬಾದ ರಾಜಧಾನಿ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿಗಳ ನೆಲವನ್ನು ಹಾಯ್ದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಪಾವಗಡವೋ ಬಹುಮಟ್ಟಿಗೆ ಆಂಧ್ರದ ಸೀಮೆಯಿಂದ ಸುತ್ತುವರಿದ ನಾಡು. ಚರಿತ್ರೆ ಬೇರೆ ಬೇರೆಯಾದರೂ ಇವುಗಳ ಕೊರತೆ ಒಂದೇ, ನೀರಿನದು. ಆದುದರಿಂದಲೇ ವರ್ಷವರ್ಷವೂ ವಿಧಾನಸೌಧದಲ್ಲಿ ಆಯವ್ಯಯ ಮಂಡನೆಯಾದಾಗ ಇಲ್ಲಿನ ರೈತರು ಮೊದಲು ಕಿವಿಗೊಡುವುದು ನೀರಾವರಿಯ ಮಾತಿಗೆ.

ಆಯವ್ಯಯದಲ್ಲಿ ಒಂದು ಯೋಜನೆಯ ಹೆಸರು ಕೇಳಿಬಂದೊಡನೆ ಕೆಲಸ ಕೈಗೂಡಿತೆಂದು ಭಾವಿಸುವವರುಂಟು. ವಾಸ್ತವ ಹಾಗಿಲ್ಲ. ಸಂವಿಧಾನದ 203ನೆಯ ವಿಧಿಯಂತೆ, ಸರ್ಕಾರವು ಮುಂದಿಟ್ಟ ಅನುದಾನದ ಬೇಡಿಕೆಯನ್ನು ವಿಧಾನಸಭೆಯು ಒಪ್ಪಬಹುದು, ನಿರಾಕರಿಸಬಹುದು, ಕುಗ್ಗಿಸಬಹುದು, ಹಿಗ್ಗಿಸುವಂತಿಲ್ಲ. ಅಂದರೆ ತನ್ನ ತಾಲ್ಲೂಕಿನ ಕೆರೆಗೆ ಇನ್ನಷ್ಟು ಹಣ ಬೇಕೆನ್ನುವ ಶಾಸಕನು ಮತದ ಬಲದಿಂದ ಅದನ್ನು ಪಡೆಯಲಾರನು. ಅವನಿಗಿರುವ ಸಾಧನಗಳು ಎರಡು: ಆಯವ್ಯಯ ಸಿದ್ಧವಾಗುವ ಮುನ್ನ ಮುಖ್ಯಮಂತ್ರಿ, ಸಚಿವರೊಡನೆ ಮಾಡುವ ಮಾತುಕತೆ, ಅದು ಮಂಡನೆಯಾದ ಬಳಿಕ ಸದನದಲ್ಲಿ ಕೇಳುವ ಪ್ರಶ್ನೆ. ಮೊದಲನೆಯದು ಮುಚ್ಚಿದ ಬಾಗಿಲಿನ ಹಿಂದೆ ನಡೆಯುವುದು. ಎರಡನೆಯದು ಮಾತ್ರ ಜನರ ಕಣ್ಣೆದುರು ನಡೆಯುವುದು.

ಮೊದಲ ಸಾಧನಕ್ಕೆ ಈ ಸೀಮೆಯಲ್ಲಿ ಕೊರತೆಯಿರಲಿಲ್ಲ. 2023ರ ಚುನಾವಣೆಯಲ್ಲಿ ನಾಲ್ಕು ಕ್ಷೇತ್ರಗಳೂ ಆಳುವ ಕಾಂಗ್ರೆಸ್ಸಿಗೆ ಒಲಿದುವು. ಕೊರಟಗೆರೆಯ ಜಿ. ಪರಮೇಶ್ವರ ಗೃಹಸಚಿವರಾದರು, ಮಧುಗಿರಿಯ ಕೆ. ಎನ್. ರಾಜಣ್ಣ ಸಹಕಾರ ಸಚಿವರಾಗಿ 2025ರ ಆಗಸ್ಟ್‌ವರೆಗೆ ಸಂಪುಟದಲ್ಲಿದ್ದರು, ಶಿರಾದ ಟಿ. ಬಿ. ಜಯಚಂದ್ರ ದೆಹಲಿಯಲ್ಲಿ ರಾಜ್ಯದ ವಿಶೇಷ ಪ್ರತಿನಿಧಿಯಾದರು, ಪಾವಗಡದಿಂದ ಎಚ್. ವಿ. ವೆಂಕಟೇಶ್ ಆಯ್ಕೆಯಾದರು.

ಕಾಗದದಿಂದ ಕಾಲುವೆಗೆ

ಆದರೂ ಅಂಕಿಯು ನೀರಾಗುವ ದಾರಿ ಎಷ್ಟು ದೀರ್ಘವೆಂಬುದನ್ನು ಎತ್ತಿನಹೊಳೆ ಯೋಜನೆ ತೋರಿಸುತ್ತದೆ. ಪಶ್ಚಿಮಘಟ್ಟದ ಹಳ್ಳಗಳಿಂದ 24.01 ಟಿ.ಎಂ.ಸಿ. ನೀರನ್ನು ಬಯಲುಸೀಮೆಗೆ ತರುವ ಈ ಯೋಜನೆಯ ವೆಚ್ಚ 2012ರಲ್ಲಿ 8,323 ಕೋಟಿ ರೂಪಾಯಿ. 2023ರ ಪರಿಷ್ಕೃತ ಅಂದಾಜಿನಲ್ಲಿ ಅದು 23,251 ಕೋಟಿಗೆ ಏರಿತು. ಮೊದಲ ಹಂತದ ನೀರೆತ್ತುವ ಕಾರ್ಯಕ್ಕೆ ಚಾಲನೆ ದೊರೆತುದು 2024ರ ಸೆಪ್ಟೆಂಬರ್ 6ರಂದು, ದೂರದ ಸಕಲೇಶಪುರ ತಾಲ್ಲೂಕಿನಲ್ಲಿ. ಇತ್ತ ಕೊರಟಗೆರೆ ಮತ್ತು ದೊಡ್ಡಬಳ್ಳಾಪುರ ತಾಲ್ಲೂಕುಗಳ ಗಡಿಯಲ್ಲಿ ಯೋಜಿತವಾದ ಬೈರಗೊಂಡ್ಲು ಜಲಾಶಯವು ಭೂಪರಿಹಾರದ ವಿವಾದದಲ್ಲಿ ಸಿಲುಕಿತು. ಒಂದೇ ಜಲಾಶಯದಲ್ಲಿ ಮುಳುಗುವ ನೆಲಕ್ಕೆ ಎರಡು ತಾಲ್ಲೂಕುಗಳಲ್ಲಿ ಎರಡು ದರವೇಕೆಂಬ ಕೊರಟಗೆರೆ ರೈತರ ಪ್ರಶ್ನೆ ನ್ಯಾಯವಾದುದೇ.

ಶಿರಾದ ನಿರೀಕ್ಷೆ ಭದ್ರಾ ಮೇಲ್ದಂಡೆಯ ಮೇಲಿದೆ. 2023ರ ಫೆಬ್ರವರಿಯಲ್ಲಿ ಕೇಂದ್ರದ ಆಯವ್ಯಯವು ಇದಕ್ಕೆ 5,300 ಕೋಟಿ ರೂಪಾಯಿ ನೆರವನ್ನು ಘೋಷಿಸಿತು. ಎರಡು ವರ್ಷ ಕಳೆದು 2025ರ ಮಾರ್ಚಿನಲ್ಲಿ ರಾಜ್ಯದ ಆಯವ್ಯಯ ಮಂಡನೆಯಾದಾಗಲೂ ಆ ಹಣ ಬಂದಿರಲಿಲ್ಲ. ಅದೇ ತಾಲ್ಲೂಕಿನ ಮದಲೂರು ಕೆರೆಯನ್ನು ಆರು ತಿಂಗಳಲ್ಲಿ ತುಂಬಿಸುವ ಭರವಸೆ 2020ರ ಉಪಚುನಾವಣೆಯ ಸಭೆಯಲ್ಲಿ ಕೇಳಿಬಂದಿತ್ತು. ಹೀಗೆ ಮಾತು ಕೊಡುವುದರಲ್ಲಿ ಯಾವ ಪಕ್ಷವೂ ಹಿಂದೆ ಬಿದ್ದಿಲ್ಲ.

ಆದರೆ ಕೈಗೂಡಿದ ಕೆಲಸವೂ ಉಂಟು. ಫ್ಲೋರೈಡ್ ಬೆರೆತ ಕೊಳವೆಬಾವಿಯ ನೀರನ್ನು ಕುಡಿದು ಬಳಲಿದ ಪಾವಗಡಕ್ಕೆ, ತುಂಗಭದ್ರಾ ಜಲಾಶಯದ ಹಿನ್ನೀರಿನಿಂದ ಕುಡಿಯುವ ನೀರು ತರುವ ಯೋಜನೆ 2025ರಲ್ಲಿ ಉದ್ಘಾಟನೆಯಾಯಿತು. ಬಿಸಿಲಿನಿಂದ 2,050 ಮೆಗಾವಾಟ್ ವಿದ್ಯುತ್ತನ್ನು ನಾಡಿಗೀಯಬಲ್ಲ ಸೌರಸ್ಥಾವರವಿರುವ ತಾಲ್ಲೂಕಿಗೆ ಕುಡಿಯುವ ನೀರು ಸಿಕ್ಕುವುದು ಇಷ್ಟು ತಡವಾಯಿತೆಂಬುದು ಮರೆಯತಕ್ಕುದಲ್ಲ.

ಸದನದ ಹೊತ್ತು

ಇಂಥ ವಿಷಯಗಳನ್ನು ಬಿಡಿಬಿಡಿಯಾಗಿ ವಿಚಾರಿಸಬೇಕಾದ ಎಡೆ ಸದನ. 2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು 4,09,549 ಕೋಟಿ ರೂಪಾಯಿಗಳ ಆಯವ್ಯಯವನ್ನು ಮಂಡಿಸಿದರು. ಮಾರ್ಚ್ 20ರಂದು, ತಮ್ಮನ್ನು ಮೋಹಜಾಲಕ್ಕೆ ಸಿಲುಕಿಸುವ ಯತ್ನ ನಡೆದಿದೆಯೆಂದು ರಾಜಣ್ಣನವರು ಸಭೆಗೆ ತಿಳಿಸಿದರು. ಮರುದಿನ ವಿರೋಧಪಕ್ಷದವರು ಕಾಗದಗಳನ್ನು ಹರಿದು ಸಭಾಧ್ಯಕ್ಷರ ಪೀಠದತ್ತ ಎಸೆದರು. 18 ಮಂದಿ ಬಿ.ಜೆ.ಪಿ. ಶಾಸಕರು ಆರು ತಿಂಗಳ ಕಾಲ ಅಮಾನತಾದರು. ಆ ಅಮಾನತು ಮೇ ತಿಂಗಳಲ್ಲಿ ರದ್ದಾಯಿತು. ಗದ್ದಲದ ಆ ದಿನವೇ ಶಾಸಕರ, ಸಚಿವರ ವೇತನವನ್ನು ಹೆಚ್ಚಿಸುವ ವಿಧೇಯಕಗಳು ಚರ್ಚೆಯಿಲ್ಲದೆ ಅಂಗೀಕಾರ ಪಡೆದುವು.

ಸಚಿವರೊಬ್ಬರ ದೂರು ಗಂಭೀರವಾದುದು. ಅದನ್ನು ಸಭೆ ಲಕ್ಷಿಸಲೇಬೇಕಾಗಿತ್ತು. ಆದರೆ ಗದ್ದಲದಲ್ಲಿ ಕಳೆದ ಹೊತ್ತು ಮರಳಿ ಬಾರದು. ಬೈರಗೊಂಡ್ಲುವಿನ ಪರಿಹಾರದ ದರವನ್ನಾಗಲಿ, ದೆಹಲಿಯಿಂದ ಬಾರದ ಹಣವನ್ನಾಗಲಿ ಜನರೆದುರು ಕೇಳಿ ಉತ್ತರ ಪಡೆಯಬೇಕಾದರೆ ಸಭೆ ನಡೆಯಬೇಕು. ಮೇಜು ಕುಟ್ಟುವ ಶಾಸಕನಿಗಿಂತ, ಕಳೆದ ವರ್ಷ ಗೊತ್ತುಪಡಿಸಿದ ಹಣದಲ್ಲಿ ಎಷ್ಟು ಬಿಡುಗಡೆಯಾಯಿತು, ಎಷ್ಟು ಮೈಲಿ ಕಾಲುವೆ ತೋಡಲಾಯಿತು ಎಂದು ಸಾವಧಾನದಿಂದ ವಿಚಾರಿಸುವ ಶಾಸಕನೇ ಈ ಬರಸೀಮೆಗೆ ಹೆಚ್ಚು ಉಪಕಾರಿ. ಮತ ಕೇಳಲು ಬಂದವರನ್ನು ಮಧುಗಿರಿಯಿಂದ ಪಾವಗಡದವರೆಗಿನ ಮತದಾರರು ಇದೇ ಅಳತೆಗೋಲಿನಿಂದ ಅಳೆಯುವುದು ಒಳ್ಳೆಯದು.