ಕಪಾಟಿನಲ್ಲೇ ಮುಪ್ಪಾಗುವ ಸ್ಪೇರ್‌ಗಳು

1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ ನವಮಂಗಳೂರು ಬಂದರು, 1976ರಲ್ಲಿ ಉತ್ಪಾದನೆ ಶುರುಮಾಡಿದ ಎಂಸಿಎಫ್ ಗೊಬ್ಬರ ಕಾರ್ಖಾನೆ, ಬೈಕಂಪಾಡಿಯ ಸಣ್ಣ ಕೈಗಾರಿಕೆಗಳು, ಕುತ್ತೆತ್ತೂರಿನ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರ. ಮಂಗಳೂರಿನ ಯಂತ್ರಲೋಕವೆಲ್ಲ ಇರುವುದು ಕಡಲಿನ ಮಗ್ಗುಲಲ್ಲೇ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಉಳಿದ ದಿನ ಉಪ್ಪುಗಾಳಿ. ಓಡುವ ಯಂತ್ರದ ಎಲೆಕ್ಟ್ರಾನಿಕ್ ಕಾರ್ಡು ತನ್ನ ಬಿಸಿಯಿಂದಲೇ ತೇವವನ್ನು ದೂರವಿಡುತ್ತದೆ. ಸ್ಟೋರಿನ ಕಪಾಟಿನಲ್ಲಿ ಕುಳಿತ ಸ್ಪೇರ್ ಕಾರ್ಡಿಗೆ ಆ ರಕ್ಷಣೆಯೂ ಇಲ್ಲ.

ಕಪಾಟಿನ ಸ್ಪೇರ್‌ಗಳಲ್ಲೆಲ್ಲ ವಿಚಿತ್ರ ಸ್ವಭಾವದ್ದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್‌ಗಳಲ್ಲಿ ಇದು ದಪ್ಪ ಡಬ್ಬಿಯಂತೆ ಕೂತಿರುತ್ತದೆ. ಒಳಗೆ ಸುರುಳಿ ಸುತ್ತಿದ ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ಆಕ್ಸೈಡಿನ ಅತಿ ತೆಳುವಾದ ಪದರ, ಸುತ್ತ ದ್ರವ. ವಿದ್ಯುತ್ತನ್ನು ತಡೆದು ನಿಲ್ಲಿಸುವುದು ಆ ಪದರವೇ. ವೋಲ್ಟೇಜ್ ಸಿಗುತ್ತಿರುವವರೆಗೆ ಅದು ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುತ್ತದೆ. ವರ್ಷಗಟ್ಟಲೆ ಸುಮ್ಮನಿಟ್ಟರೆ ನಿಧಾನವಾಗಿ ಸವೆಯುತ್ತದೆ.

ಹೀಗೆ ಸವೆದ ಡ್ರೈವನ್ನು ತುರ್ತಿನಲ್ಲಿ ತೆಗೆದು ನೇರ 415 ವೋಲ್ಟಿಗೆ ಜೋಡಿಸಿದರೆ, ಒಳಗೆ ಸುಮಾರು 585 ವೋಲ್ಟ್ ಡಿಸಿ ಒಮ್ಮೆಲೇ ಎರಗುತ್ತದೆ. ಸೋರುವ ಕರೆಂಟ್ ಏರಿ, ದ್ರವ ಕಾದು, ಅನಿಲ ತುಂಬಿ, ಕೆಪಾಸಿಟರ್ ಬಿರಿಯಬಹುದು. ಒಂದೆರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟ ಡ್ರೈವನ್ನು ‘ರೀಫಾರ್ಮ್’ ಮಾಡದೆ ಬಳಸಬೇಡಿ ಎಂದು ತಯಾರಕರ ಕೈಪಿಡಿಗಳು ಹೇಳುವುದು ಇದಕ್ಕೇ. ಕರೆಂಟಿಗೆ ಮಿತಿಯಿಟ್ಟು, ವೋಲ್ಟೇಜನ್ನು ಹಂತಹಂತವಾಗಿ, ಗಂಟೆಗಟ್ಟಲೆ ಏರಿಸುತ್ತ ಹೋದರೆ ಪದರ ಮತ್ತೆ ಕಟ್ಟಿಕೊಳ್ಳುತ್ತದೆ. ತಾಳ್ಮೆಯ ಕೆಲಸ, ಅಪಾಯದ್ದೂ ಹೌದು. ಸಪ್ಲೈ ತೆಗೆದ ಮೇಲೂ ಚಾರ್ಜ್ ಉಳಿದಿರುತ್ತದೆ. ಮೀಟರಿನಲ್ಲಿ ಅಳೆಯದೆ ಕೈಯಿಡುವಂತಿಲ್ಲ.

ಉಳಿದ ಶತ್ರುಗಳ ಪರಿಚಯ ಎಲ್ಲರಿಗೂ ಇದೆ: ಕನೆಕ್ಟರಿಗೆ ಕಿಲುಬು, ಬೋರ್ಡಿಗೆ ಬೂಷ್ಟು, ಫ್ಯಾನಿನ ಬೇರಿಂಗಿನಲ್ಲಿ ಒಣಗಿದ ಗ್ರೀಸ್. ಯಂತ್ರಗಳನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರುಗಳಾದ ಪಿಎಲ್‌ಸಿಗಳ ಹಳೆಯ ಮಾದರಿಗಳಲ್ಲಿ ಬ್ಯಾಟರಿ ಸತ್ತರೆ ಮೆಮೊರಿಯಲ್ಲಿದ್ದ ಪ್ರೋಗ್ರಾಮೇ ಅಳಿಸಿಹೋಗುತ್ತದೆ. ಸ್ಪೇರ್ ಕಾರ್ಡನ್ನು ಗುಲಾಬಿ ಬಣ್ಣದ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಸಾಕೆಂಬ ನಂಬಿಕೆ ಬಹಳ ಕಡೆ ಇದೆ. ಆ ಚೀಲ ತಾನು ಸ್ಥಿರವಿದ್ಯುತ್ ಹುಟ್ಟಿಸುವುದಿಲ್ಲ, ಅಷ್ಟೇ. ತೇವ ತಡೆಯಲು ಅಲ್ಯೂಮಿನಿಯಂ ಪದರದ ಚೀಲ ಬೇಕು. ಅದನ್ನು ಸೀಲ್ ಮಾಡಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ತೇವಾಂಶ ತೋರಿಸುವ ಕಾರ್ಡನ್ನೂ ಇಡಬೇಕು. ನೀಲಿ ಜೆಲ್ ಗುಲಾಬಿಗೆ ತಿರುಗಿತೆಂದರೆ ಅದರ ಹೀರುವ ಶಕ್ತಿ ಮುಗಿಯಿತು.

ಹಳೆಯ ಭಾಗ ಸಿಗದೆ ಪರದಾಡುವುದು ಸಣ್ಣ ಕಾರ್ಖಾನೆಗಳ ಪಾಡು ಮಾತ್ರವಲ್ಲ. 1978ರ ಇಂಟೆಲ್ 8086 ಚಿಪ್ಪಿಗಾಗಿ 2002ರ ಹೊತ್ತಿಗೆ ನಾಸಾ ಕೂಡ ಇ-ಬೇ ಜಾಲದಲ್ಲಿ ಹುಡುಕುತ್ತಿತ್ತು. ತಯಾರಿಕೆ ನಿಂತ ಕಾರ್ಡಿನ ಬೆಲೆಯನ್ನು ಬಿಲ್ ನೋಡಿ ಅಳೆಯಲಾಗದು.

ಆದರೂ ಸ್ಟೋರ್ ಕೀಪರನ ಕೆಲಸವನ್ನು ಎಣಿಕೆಯ ಕೆಲಸವೆಂದೇ ನೋಡುವುದು ರೂಢಿ. ಎಷ್ಟಿದೆ ಎಂದು ಕೇಳುವವರಿದ್ದಾರೆ, ಹೇಗಿದೆ ಎಂದು ಕೇಳುವವರು ಕಡಿಮೆ. ಡ್ರೈವಿಗೆ ವರ್ಷಕ್ಕೊಮ್ಮೆ ಕರೆಂಟ್ ಕೊಟ್ಟು ದಿನಾಂಕ ಬರೆದಿಡುವ ಹಳೆಯ ಕೈಗಳು ನಿವೃತ್ತಿಯಾದಾಗ ಆ ಅಭ್ಯಾಸವೂ ಅವರೊಂದಿಗೇ ಹೊರಟುಹೋಗುತ್ತದೆ. ಕಾರ್ಖಾನೆ ನಡೆಸುವವರು ಸ್ಟಾಕ್ ಪುಸ್ತಕದಲ್ಲಿ ಇನ್ನೊಂದು ಕಾಲಂ ಎಳೆಸಲಿ: ಕೊನೆಯ ಬಾರಿ ಕರೆಂಟ್ ಕೊಟ್ಟ ದಿನ. ಜೂನ್ ಮಳೆಗೆ ಮುಂಚೆಯೇ ಅದು ಭರ್ತಿಯಾಗಲಿ.