‘ಇಂಡಿಯನ್’ ಎಂಬ ಅಮೆರಿಕದ ಬೈಕು

ಹೆಸರು ಕೇಳಿದರೆ ನಮ್ಮದೇ ಅನ್ನಿಸುತ್ತದೆ. ಆದರೆ ‘ಇಂಡಿಯನ್’ ಮೋಟಾರ್ ಸೈಕಲ್ ಅಪ್ಪಟ ಅಮೆರಿಕದ್ದು. ಅದರ ಲಾಂಛನವಾದ ಗರಿಯ ಕಿರೀಟದ ತಲೆ, ಕೊಲಂಬಸ್ ಭಾರತಕ್ಕೆ ಬಂದೆನೆಂದು ಭ್ರಮಿಸಿ ‘ಇಂಡಿಯನ್ನರು’ ಎಂದು ಕರೆದ ಅಲ್ಲಿನ ಮೂಲನಿವಾಸಿಯದು. ಕಂಪೆನಿ ಕಟ್ಟಿದ ಇಬ್ಬರೂ ಆ ಜನರಲ್ಲ. ಜಾರ್ಜ್ ಹೆಂಡಿ ಸೈಕಲ್ ಪಂದ್ಯಗಳ ಮಾಜಿ ಚಾಂಪಿಯನ್. ಆಸ್ಕರ್ ಹೆಡ್‌ಸ್ಟ್ರಾಮ್ ಸ್ವೀಡನ್ನಿನಲ್ಲಿ ಹುಟ್ಟಿದ ತಂತ್ರಜ್ಞ. ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 1901ರಲ್ಲಿ ಇವರು ಜನರ ಮುಂದಿಟ್ಟದ್ದು ಸೈಕಲ್ಲಿಗೆ ಎಂಜಿನ್ ಕೂರಿಸಿದಂತಿದ್ದ ಗಾಡಿ. ಹಾರ್ಲೆ-ಡೇವಿಡ್‌ಸನ್ ಹುಟ್ಟಿದ್ದು ಅದಕ್ಕೆ ಎರಡು ವರ್ಷದ ನಂತರ.

ಬೇರೆಯವರು ಚರ್ಮದ ಬೆಲ್ಟಿನಿಂದ ಚಕ್ರ ತಿರುಗಿಸುತ್ತಿದ್ದಾಗ ಹೆಡ್‌ಸ್ಟ್ರಾಮ್ ಚೈನನ್ನು ಆರಿಸಿಕೊಂಡ. ಇದರ ಬೆಲೆ ತಿಳಿದದ್ದು 1911ರಲ್ಲಿ. ಐಲ್ ಆಫ್ ಮ್ಯಾನ್ ದ್ವೀಪದ ಪ್ರಸಿದ್ಧ ರೇಸು ಆ ವರ್ಷ ಮೊದಲ ಬಾರಿಗೆ ಬೆಟ್ಟದ ದಾರಿ ಹಿಡಿಯಿತು. ಏರಿನಲ್ಲಿ ಬೆಲ್ಟು ಜಾರುತ್ತದೆ, ಚೈನು ಜಾರುವುದಿಲ್ಲ. ಜತೆಗೆ ಎರಡು ಗೇರು ಬೇರೆ. ಮೊದಲ ಮೂರು ಸ್ಥಾನವೂ ಇಂಡಿಯನ್ ಪಾಲಾಯಿತು. ಎರಡನೆಯವನಾಗಿ ಬಂದ ಐರ್ಲೆಂಡಿನ ಎಂಜಿನಿಯರ್ ಚಾರ್ಲ್ಸ್ ಫ್ರಾಂಕ್ಲಿನ್ ಮುಂದೆ ಕಂಪೆನಿಯ ವಿನ್ಯಾಸಕಾರನೇ ಆದ.

1913ರಲ್ಲಿ ಸುಮಾರು 32 ಸಾವಿರ ಬೈಕುಗಳು ತಯಾರಾದವು. ಮರುವರ್ಷ ಗುಂಡಿ ಒತ್ತಿದರೆ ಚಾಲೂ ಆಗುವ ಮಾದರಿಯೂ ಬಂತು, ಆದರೆ ಆ ಕಾಲದ ಬ್ಯಾಟರಿ ಅದಕ್ಕೆ ಸಾಲಲಿಲ್ಲ. ಮೊದಲ ಮಹಾಯುದ್ಧದಲ್ಲಿ ಕಂಪೆನಿ ತನ್ನ ಗಾಡಿಗಳಲ್ಲಿ ಬಹುಪಾಲನ್ನು ಸೈನ್ಯಕ್ಕೆ ಕೊಟ್ಟಿತು. ಊರಿನ ಅಂಗಡಿಗಳಲ್ಲಿ ಇಂಡಿಯನ್ ಇಲ್ಲವಾದಾಗ ಗಿರಾಕಿ ಹಾರ್ಲೆಯತ್ತ ಹೊರಳಿದ.

ಫ್ರಾಂಕ್ಲಿನ್ ರೂಪಿಸಿದ ಎರಡು ಮಾದರಿಗಳೇ ಇಂಡಿಯನ್‌ಗೆ ಚಿರಕೀರ್ತಿ ತಂದವು. 1920ರ ‘ಸ್ಕೌಟ್’ 600 ಸಿಸಿಯದು, ಹಗುರ. ಅದರ ಅಣ್ಣನಂತೆ 1922ರಲ್ಲಿ ಬಂದ ‘ಚೀಫ್’ 1000 ಸಿಸಿಯದು. ಎರಡರಲ್ಲೂ ಇಂಗ್ಲಿಷಿನ ‘ವಿ’ ಅಕ್ಷರದಂತೆ ಕವಲೊಡೆದ ಜೋಡಿ ಸಿಲಿಂಡರುಗಳು. 1928ರಲ್ಲಿ ಬಂದ ‘101 ಸ್ಕೌಟ್’ ಎಷ್ಟು ಹದವಾಗಿತ್ತೆಂದರೆ, ನಮ್ಮ ಜಾತ್ರೆಗಳ ‘ಮೃತ್ಯುಕೂಪ’ದಂಥ ಮರದ ಬಾವಿಗಳಲ್ಲಿ ಗೋಡೆ ಹತ್ತಿ ಸುತ್ತುವ ಸವಾರರಿಗೆ ಅಲ್ಲಿ ಇಂದಿಗೂ ಅದೇ ಬೇಕು. ನ್ಯೂಜಿಲೆಂಡಿನ ಬರ್ಟ್ ಮನ್ರೊ ತನ್ನ 1920ರ ಸ್ಕೌಟನ್ನು ದಶಕಗಳ ಕಾಲ ತಿದ್ದಿ ತೀಡಿ, 1967ರಲ್ಲಿ ಬಾನೆವಿಲ್‌ನ ಉಪ್ಪಿನ ಬಯಲಲ್ಲಿ ಗಂಟೆಗೆ 183 ಮೈಲಿಗೂ ಹೆಚ್ಚು ವೇಗದಲ್ಲಿ ಓಡಿಸಿದ. ಆಗ ಆತನಿಗೆ 68 ವರ್ಷ!

ಚಕ್ರವನ್ನು ಅರ್ಧ ಮುಚ್ಚುವ ಸೆರಗಿನಂಥ ಮಡ್‌ಗಾರ್ಡು ಬಂದದ್ದು 1940ರಲ್ಲಿ. ‘ಕ್ರೂಸರ್’ ಎಂದೊಡನೆ ಕಣ್ಣಿಗೆ ಕಟ್ಟುವ ಚಿತ್ರಗಳಲ್ಲಿ ಇದೂ ಒಂದು. ಎರಡನೇ ಮಹಾಯುದ್ಧದ ನಂತರ ಹೊಸ ಒಡೆಯ ರಾಲ್ಫ್ ರೋಜರ್ಸ್, ಬ್ರಿಟಿಷ್ ಮಾದರಿಯ ಹಗುರ ಗಾಡಿಗಳ ಮೇಲೆ ಹಣ ಸುರಿದು ಕೈಸುಟ್ಟುಕೊಂಡ. ಚೀಫ್ 1300 ಸಿಸಿಗೆ ಏರಿದರೂ ಲಾಭವಾಗಲಿಲ್ಲ. 1953ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ತಯಾರಿಕೆ ನಿಂತಿತು.

ಕಾರ್ಖಾನೆ ಸತ್ತರೂ ಹೆಸರು ಸಾಯಲಿಲ್ಲ. ಇದೇ ಈ ಕಥೆಯ ವಿಚಿತ್ರ ಭಾಗ. 1955ರಿಂದ 1960ರವರೆಗೆ ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಬೈಕುಗಳಿಗೆ ‘ಇಂಡಿಯನ್’ ಎಂದು ಬರೆದು ಅಮೆರಿಕದಲ್ಲಿ ಮಾರಲಾಯಿತು. ಅಲ್ಲಿ ‘ವುಡ್ಸ್‌ಮನ್’ ಎನಿಸಿಕೊಂಡದ್ದು 500 ಸಿಸಿಯ ಬುಲೆಟ್ಟೇ. ಬುಲೆಟ್ ಮದ್ರಾಸಿನಲ್ಲಿ ನೆಲೆಯೂರತೊಡಗಿದ್ದೂ ಅದೇ 1955ರಲ್ಲಿ. ನಿಜವಾಗಿ ಭಾರತೀಯವಾಗಲಿದ್ದ ಬೈಕು ಅಮೆರಿಕದಲ್ಲಿ ಸುಳ್ಳು ಇಂಡಿಯನ್ ಆಗಿ ಓಡುತ್ತಿತ್ತು!

ಆಮೇಲೆ ಹೆಸರು ಕೈಯಿಂದ ಕೈಗೆ ಹೋಯಿತು. 1999ರಲ್ಲಿ ಕ್ಯಾಲಿಫೋರ್ನಿಯದ ಗಿಲ್ರಾಯ್‌ನಲ್ಲಿ ಮತ್ತೆ ಚೀಫ್ ಹುಟ್ಟಿತು. 2003ರಲ್ಲಿ ಆ ಕಾರ್ಖಾನೆಗೂ ಬೀಗ ಬಿತ್ತು. 2011ರಲ್ಲಿ ಪೊಲಾರಿಸ್ ಕಂಪೆನಿ ಕೊಂಡ ನಂತರವೇ ಹೆಸರಿಗೆ ತಕ್ಕ ಯಂತ್ರ ಸಿಕ್ಕಿತು. 2013ರಲ್ಲಿ ‘ಥಂಡರ್ ಸ್ಟ್ರೋಕ್’ ಎಂಜಿನ್ನಿನ ಚೀಫ್, ಮರುವರ್ಷ ನೀರಿನಿಂದ ತಣಿಯುವ ಎಂಜಿನ್ನಿನ ಸ್ಕೌಟ್ ಬಂದವು. ಪೊಲಾರಿಸ್ 1998ರಿಂದ ‘ವಿಕ್ಟರಿ’ ಎಂಬ ಸ್ವಂತ ಬೈಕನ್ನೂ ತಯಾರಿಸುತ್ತಿತ್ತು. ಎರಡರಲ್ಲಿ ಒಂದನ್ನು ಉಳಿಸಿಕೊಳ್ಳಬೇಕಾಗಿ ಬಂದಾಗ, 2017ರಲ್ಲಿ ಅದು ಮುಚ್ಚಿದ್ದು ತಾನೇ ಹೆತ್ತ ವಿಕ್ಟರಿಯನ್ನು. ಸಾಕಿಕೊಂಡದ್ದು ದತ್ತು ಬಂದ ಇಂಡಿಯನ್ನನ್ನು. 2025ರ ಅಕ್ಟೋಬರಿನಲ್ಲಿ ಇಂಡಿಯನ್‌ನ ಬಹುಪಾಲು ಒಡೆತನವನ್ನೂ ಮತ್ತೊಬ್ಬರಿಗೆ ಮಾರುವುದಾಗಿ ಪೊಲಾರಿಸ್ ಪ್ರಕಟಿಸಿತು.